ಜೂನ್‌ನಲ್ಲಿ ಬಾರ್ಸಿಲೋನಾ: ಅಪ್ಪ ಅಮ್ಮನನ್ನು ಯಾವ ಬೀಚ್‌ಗೆ ಕರೆದುಕೊಂಡು ಹೋಗಲಿ?

ಅರಸೀಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಮೊದಲ ಸಲ ಬಂದಿದ್ದಾರೆ. ಷೆಂಗೆನ್ ವೀಸಾ ಹೇಗೂ ಇದೆಯಲ್ಲ ಅಂತ ಜೂನ್ 22ರಿಂದ 25ರವರೆಗೆ ಬಾರ್ಸಿಲೋನಾಕ್ಕೆ ಟಿಕೆಟ್ ಮಾಡಿಬಿಟ್ಟೆ. ರೂಮು ಅಲ್ಲಿನ ಬಾರ್ಸೆಲೊನೆಟಾ ಅನ್ನೋ ಏರಿಯಾದಲ್ಲಿ, ಬೀಚ್‌ನಿಂದ ಎರಡೇ ನಿಮಿಷ.

ಅಮ್ಮನಿಗೆ ಮಂಡಿನೋವು. ಈಜೋದೇನೂ ಬೇಡ, ನೀರಲ್ಲಿ ಕಾಲು ಇಟ್ಟರೆ ಸಾಕು ಅಂತಾರೆ, ಅದೂ ಸೀರೆಯಲ್ಲೇ. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಒಂದು ಸಲ ಕಾರವಾರದಲ್ಲಿ ಸಮುದ್ರದೊಳಗೆ ಸೂರ್ಯ ಮುಳುಗೋದನ್ನು ನೋಡಿದ್ದಾರೆ, ಆ ಕತೆ ನಮ್ಮನೆಯಲ್ಲಿ ಇವತ್ತಿಗೂ ಓಡುತ್ತೆ. ಅದಕ್ಕೇ 23ರ ಸಂಜೆ ಇಬ್ಬರನ್ನೂ ಬೀಚ್‌ನಲ್ಲಿ ಕೂರಿಸಿ ಸೂರ್ಯಾಸ್ತ ತೋರಿಸಬೇಕು ಅಂತ ಪ್ಲಾನ್.

ಕೇಳಬೇಕಿರೋದು ಇಷ್ಟು. ಬಾರ್ಸೆಲೊನೆಟಾ ಬೀಚ್ ವಯಸ್ಸಾದವರಿಗೆ ಆಗುತ್ತಾ? ಕಳ್ಳತನ ಜಾಸ್ತಿ ಅಂತಾರೆ, ನಿಜವಾ? ನಾವು ಮೊಟ್ಟೆಯನ್ನೂ ತಿನ್ನದ ಜನ, ಅಲ್ಲಿ ಹೊಟ್ಟೆಗೇನು ಗತಿ? ಇನ್ನೊಂದು, ಕೇಳೋಕೆ ಸ್ವಲ್ಪ ಮುಜುಗರ. ಅಲ್ಲಿನವರು ಬೀಚ್‌ನಲ್ಲಿ ಬಟ್ಟೆ ಹಾಕೋದು ಕಮ್ಮಿ ಅಂತ ಕೇಳಿದ್ದೇನೆ. ಅಪ್ಪನ ಪಕ್ಕದಲ್ಲಿ ಕೂತುಕೊಂಡು ನಾನು ಎಲ್ಲಿ ನೋಡಲಿ?

ಪೊಬ್ಲೆನೌ ವಾಸಿ

ಮೇಡಂ, ನಾನು ಇಲ್ಲೇ ಪೊಬ್ಲೆನೌನಲ್ಲಿ ಏಳು ವರ್ಷದಿಂದ ಇದ್ದೇನೆ, ಬೀಚ್‌ಗೆ ನಡೆದುಕೊಂಡೇ ಹೋಗುತ್ತೇನೆ. ನಿಮ್ಮ ಪ್ಲಾನ್‌ನಲ್ಲಿ ಎರಡು ಎಡವಟ್ಟಿದೆ. ಬೇಜಾರು ಮಾಡಿಕೊಳ್ಳಬೇಡಿ, ಈಗಲೇ ಗೊತ್ತಾಗಿದ್ದು ಒಳ್ಳೇದಾಯ್ತು.

ಮೊದಲನೇದು, ಇಲ್ಲಿ ಸಮುದ್ರ ಇರೋದು ಪೂರ್ವಕ್ಕೆ. ಸರಿಯಾಗಿ ಹೇಳಬೇಕಂದ್ರೆ ಆಗ್ನೇಯಕ್ಕೆ. ಸೂರ್ಯ ಮುಳುಗೋದು ಊರಿನ ಹಿಂದೆ, ಕೊಲ್ಸೆರೋಲಾ ಬೆಟ್ಟದ ಕಡೆ. ನೀವು 23ರ ಸಂಜೆ ಅಪ್ಪನನ್ನು ಸಮುದ್ರಕ್ಕೆ ಮುಖ ಮಾಡಿ ಕೂರಿಸಿದರೆ ಸೂರ್ಯ ಅವರ ಬೆನ್ನ ಹಿಂದೆ ಬಿಲ್ಡಿಂಗ್‌ಗಳ ನಡುವೆ ಮುಳುಗಿರುತ್ತಾನೆ. ಅದೂ ಜೂನ್ ಕೊನೆಯಲ್ಲಿ ಮುಳುಗೋದು ರಾತ್ರಿ ಒಂಬತ್ತೂವರೆ ಹತ್ತಿರ. ಕರಾವಳಿ ನೋಡಿ ಬೆಳೆದ ನಮಗೆ ಸಮುದ್ರ ಅಂದ್ರೆ ಪಶ್ಚಿಮ, ಅಷ್ಟೇ. ನಾನೂ ಬಂದ ಮೊದಲ ವಾರ ಕ್ಯಾಮೆರಾ ಹಿಡಿದು ಹೋಗಿ ಪೆದ್ದನ ಥರ ನಿಂತಿದ್ದೆ. ಆದರೆ ಇಲ್ಲಿ ಸೂರ್ಯ ಹುಟ್ಟೋದು ಮಾತ್ರ ಸಮುದ್ರದಿಂದಲೇ, ಆರು ಇಪ್ಪತ್ತರ ಆಸುಪಾಸು. ಅದನ್ನು ಕಾರವಾರದಲ್ಲಿ ನೋಡೋಕಾಗಲ್ಲ ಅಲ್ವಾ? ಅಪ್ಪನಿಗೆ ಅದನ್ನು ತೋರಿಸಿ.

ಎರಡನೇದು ಇನ್ನೂ ದೊಡ್ಡದು. ಜೂನ್ 23ರ ರಾತ್ರಿ ಇಲ್ಲಿ ಸಾಂಟ್ ಜೊವಾನ್ ಹಬ್ಬ. ದೀಪಾವಳಿ, ಕಾಮದಹನ ಎರಡೂ ಒಂದೇ ರಾತ್ರಿ ಬಂದ ಹಾಗಿರುತ್ತೆ. ಬೀದಿಯಲ್ಲಿ ಬೆಂಕಿ, ಆಕಾಶದಲ್ಲಿ ಪಟಾಕಿ, ಬೀಚ್ ತುಂಬ ಬೆಳಗಿನವರೆಗೂ ಹಾಡು, ಕುಡಿತ, ಕುಣಿತ. ಹುಡುಗರ ಜೊತೆ ಬಂದಿದ್ದರೆ ಖಂಡಿತ ಹೋಗಿ ಅನ್ನುತ್ತಿದ್ದೆ. ಮಂಡಿನೋವಿನ ಅಮ್ಮನ ಜೊತೆ ಬೇಡ. ಬೆಳಗಿನ ಜಾವ ಪೊಲೀಸರು ಎಲ್ಲರನ್ನೂ ಎಬ್ಬಿಸಿ ಕಳಿಸುತ್ತಾರೆ, ಹಿಂದೆಯೇ ಸಾಲಾಗಿ ಟ್ರ್ಯಾಕ್ಟರ್ ಬಂದು ಮರಳು ಜಾಲಿಸಿ ಕಸ ತೆಗೆಯುತ್ತವೆ. ಎಷ್ಟು ತೆಗೆದರೂ ಗಾಜಿನ ಚೂರು ಉಳಿದಿರುತ್ತೆ, ಹಾಗಾಗಿ 24ರಂದು ಬರಿಗಾಲಲ್ಲಿ ಮರಳಿಗೆ ಇಳಿಯಲೇಬೇಡಿ. ಅವತ್ತು ರಜೆ, ಅಂಗಡಿ ಬಹಳಷ್ಟು ಮುಚ್ಚಿರುತ್ತೆ. ಹಾಲು, ಹಣ್ಣು, ಬ್ರೆಡ್ 23ಕ್ಕೇ ತಂದಿಟ್ಟುಕೊಳ್ಳಿ. ಸೂರ್ಯೋದಯಕ್ಕೆ 23 ಅಥವಾ 25ರ ಬೆಳಗ್ಗೆ ಹೋಗಿ. ರೂಮು ಕ್ಯಾನ್ಸಲ್ ಮಾಡೋಕಾದರೆ ಸಮುದ್ರದಿಂದ ಸ್ವಲ್ಪ ಒಳಗೆ ಹೋಗಿ. ಪಟಾಕಿ ಇಡೀ ಊರಲ್ಲೇ ಇರುತ್ತೆ, ಆದರೂ ಬಾರ್ಸೆಲೊನೆಟಾದ ಇಕ್ಕಟ್ಟು ಗಲ್ಲಿಗಳಲ್ಲಿ ಅವತ್ತು ಕಣ್ಣು ಮುಚ್ಚೋಕಾಗಲ್ಲ.

ಇನ್ನು ಯಾವ ಬೀಚ್ ಅಂದ್ರೆ, ಬಾರ್ಸೆಲೊನೆಟಾ ಹೆಸರು ಮಾಡಿದ್ದು, ಅದಕ್ಕೇ ಅಲ್ಲಿ ಟವಲ್ ಹಾಸೋಕೂ ಜಾಗ ಹುಡುಕಬೇಕು. ನಿಮಿಷಕ್ಕೊಬ್ಬ 'ಸೆರ್ವೇಸಾ, ಬಿಯರ್' ಅಂತ ಬರುತ್ತಾನೆ, ಇನ್ನೊಬ್ಬ ಮಸಾಜ್ ಬೇಕಾ ಅಂತಾನೆ. ನೀವು ನೋವಾ ಇಕಾರಿಯಾಗೆ ಹೋಗಿ. ಒಲಿಂಪಿಕ್ ಬಂದರಿನ ಪಕ್ಕ ಇದೆ, ಕಲ್ಲಿನ ಅಡ್ಡಗೋಡೆ ಇರೋದರಿಂದ ಅಲೆ ಕಮ್ಮಿ. ಮರಳಿನ ಮೇಲೆ ಮರದ ಹಲಗೆ ಹಾಸಿದ ದಾರಿ ಇದೆ. ನಡೆಯೋಕಾಗದವರನ್ನು ನೀರಿಗಿಳಿಸೋಕೆ ದಪ್ಪ ಚಕ್ರದ, ನೀರಲ್ಲಿ ತೇಲೋ ಕುರ್ಚಿ ಇರುತ್ತೆ, ಬೇಸಿಗೆಯಲ್ಲಿ ಸಹಾಯಕ್ಕೆ ಜನವೂ ಇರುತ್ತಾರೆ. ಅಮ್ಮನಿಗೆ ಕುರ್ಚಿ ಬೇಕಾಗಲ್ಲ ಬಿಡಿ, ಹಲಗೆ ದಾರಿ ಸಾಕು. ಮೆಟ್ರೋದ ಹಳದಿ ಲೈನ್, ಎಲ್ 4ರಲ್ಲಿ ಸಿಯುಟಾಡೆಲ್ಲಾ ವಿಲಾ ಒಲಿಂಪಿಕಾದಲ್ಲಿ ಇಳಿದರೆ ಹತ್ತು ನಿಮಿಷ ನಡಿಗೆ. ಆ ಬೀಚ್‌ನ ಮುಂದಿನದು ಬೊಗಾಟೆಲ್, ಅಲ್ಲಿ ನಮ್ಮ ಏರಿಯಾದವರೇ ಜಾಸ್ತಿ.

ಬಟ್ಟೆ ವಿಷಯ. ಹೆಂಗಸರು ಮೇಲೆ ಬಟ್ಟೆ ಇಲ್ಲದೆ ಮಲಗಿರೋದು ಇಲ್ಲಿನ ಎಲ್ಲ ಬೀಚ್‌ನಲ್ಲೂ ಮಾಮೂಲು. ಯಾರೂ ಯಾರನ್ನೂ ನೋಡಲ್ಲ, ಅಮ್ಮನ ಸೀರೆಯನ್ನೂ ನೋಡಲ್ಲ. ಬೆಳಗ್ಗೆ ಆರರಿಂದ ಒಂಬತ್ತರೊಳಗೆ ಹೋದರೆ ವಾಕಿಂಗ್ ಮಾಡೋರು, ಈಜೋ ಅಜ್ಜ ಅಜ್ಜಿಯರು, ಅಷ್ಟೇ. ಬೊಗಾಟೆಲ್ ದಾಟಿ ಮಾರ್ ಬೆಲ್ಲಾ ಕಡೆ ಮಾತ್ರ ಸುಮ್ನೆ ನಡೆದುಕೊಂಡು ಹೋಗಬೇಡಿ. ಅಲ್ಲೊಂದು ಭಾಗದಲ್ಲಿ ಏನೂ ಹಾಕದೇ ಇರೋರು ಇರುತ್ತಾರೆ. ನಮ್ಮ ಮಾವನವರು ಹಾಗೇ ನಡೆದು ಹೋಗಿ, ವಾಪಸ್ ಬಂದ ಮೇಲೆ ಸಂಜೆವರೆಗೂ ಪೇಪರ್ ಓದುತ್ತಿದ್ದರು. ಪೇಪರ್ ಸ್ಪ್ಯಾನಿಷ್‌ನಲ್ಲಿತ್ತು.

ಮಿರ್ಚಿ ಮಂಡಕ್ಕಿ

ಕಳ್ಳತನದ ಬಗ್ಗೆ ನಾನು ಹೇಳುತ್ತೇನೆ, ದುಡ್ಡು ಕೊಟ್ಟು ಕಲಿತಿದ್ದೇನೆ. ಎರಡು ವರ್ಷದ ಹಿಂದೆ ನಾನೂ ಗೆಳೆಯನೂ ಬಾರ್ಸೆಲೊನೆಟಾದಲ್ಲಿ ಕೂತಿದ್ದೆವು. ಬ್ಯಾಗ್ ನಮ್ಮಿಬ್ಬರ ಮಧ್ಯೆಯೇ ಇತ್ತು. ಒಬ್ಬ ಎದುರಿಗೆ ಬಂದು ಬಗ್ಗಿ, ಮ್ಯಾಪ್ ತೋರಿಸಿ ಏನೋ ಕೇಳಿದ. ಇಬ್ಬರೂ ಮ್ಯಾಪ್ ನೋಡಿದೆವು. ಅವನು 'ಗ್ರಾಸಿಯಾಸ್' ಅಂತ ಹೋದ, ತಿರುಗಿ ನೋಡಿದರೆ ಬ್ಯಾಗೂ ಹೋಗಿತ್ತು. ಹಿಂದಿನಿಂದ ಇನ್ನೊಬ್ಬ ಬಂದಿದ್ದು ಮರಳಲ್ಲಿ ಗೊತ್ತೇ ಆಗಲಿಲ್ಲ. ಫೋನ್, ಕಾರ್ಡ್ ಅಲ್ಲದೆ ನನ್ನ ಚಪ್ಪಲಿಯೂ ಅದರೊಳಗೇ ಇತ್ತು. ಪೊಲೀಸ್ ಸ್ಟೇಷನ್‌ಗೆ ಕಾದ ಫುಟ್‌ಪಾತ್ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಹೋದೆ.

ಹೊಡೆಯೋದು ಬಡಿಯೋದು ಏನಿಲ್ಲ, ಕೈಚಳಕ ಅಷ್ಟೇ. ಪಾಸ್‌ಪೋರ್ಟ್ ಮೂರೂ ರೂಮಿನ ಲಾಕರ್‌ನಲ್ಲಿಟ್ಟು ಫೋಟೋ ಮಾತ್ರ ಫೋನಲ್ಲಿ ಇಟ್ಟುಕೊಳ್ಳಿ. ಅಮ್ಮನ ಮಾಂಗಲ್ಯ ಸರ ಸೆರಗಿನೊಳಗೆ ಇರಲಿ. ಒಬ್ಬರು ನೀರಿಗಿಳಿದರೆ ಇನ್ನೊಬ್ಬರು ಬ್ಯಾಗ್ ಪಟ್ಟಿಯೊಳಗೆ ಕಾಲು ತೂರಿಸಿ ಕೂರಬೇಕು. ಬೀಚ್‌ನಲ್ಲಿ ತಿರುಗಾಡಿ ಮಾರೋ ಮೊಹಿತೋ ಅನ್ನೋ ಡ್ರಿಂಕ್ ಅಂತೂ ಮುಟ್ಟಬೇಡಿ. ಅದನ್ನು ಎಲ್ಲಿ ಬೆರೆಸಿ ಎಲ್ಲಿ ಬಚ್ಚಿಟ್ಟಿರುತ್ತಾರೆ ಅಂತ ಕಣ್ಣಾರೆ ನೋಡಿದ್ದೇನೆ, ಊಟದ ಹೊತ್ತಲ್ಲಿ ಹೇಳೋ ಮಾತಲ್ಲ.

ಊಟಕ್ಕೆ ಹೆದರಬೇಡಿ. ಒಂದು ಮಾತ್ರ ಅಪ್ಪನಿಗೆ ಮೊದಲೇ ಹೇಳಿ: ಅಲ್ಲಿ 'ಬಾರ್' ಅಂದ್ರೆ ನಮ್ಮ ಬಾರ್ ಅಲ್ಲ. ಬೆಳಗ್ಗೆ ಅಜ್ಜಿಯರು ಕಾಫಿಗೆ ಬಂದು ಕೂರೋ ಜಾಗ, ನಮ್ಮ ದರ್ಶಿನಿ ಥರ. ಟಾಯ್ಲೆಟ್‌ಗೂ ಅದೇ ಆಸರೆ, ಒಂದು ಕಾಫಿ ತಗೊಂಡರೆ ಆಯ್ತು. ಅಲ್ಲಿ 'ಪಾ ಅಂಬ್ ತುಮಾಕಟ್' ಕೇಳಿ. ಸುಟ್ಟ ಬ್ರೆಡ್‌ಗೆ ಟೊಮೇಟೊ ಉಜ್ಜಿ ಎಣ್ಣೆ, ಉಪ್ಪು ಹಾಕಿ ಕೊಡುತ್ತಾರೆ, ಏನೂ ಇಲ್ಲ ಅನಿಸುತ್ತೆ, ಆಮೇಲೆ ಇನ್ನೊಂದು ತರಿಸುತ್ತೀರಿ. ಎಸ್ಕಾಲಿವಾಡಾ ಅಂದ್ರೆ ಸುಟ್ಟ ಬದನೆ, ಸುಟ್ಟ ದೊಣ್ಣೆಮೆಣಸು. ಅದಕ್ಕೆ ಹಸಿಮೆಣಸಿನಕಾಯಿ ಹಾಕಿದ್ದರೆ ನಮ್ಮದೇ ಬಜ್ಜಿ. ಗಾಸ್ಪಾಚೊ ತಣ್ಣಗಿನ ಟೊಮೇಟೊ ಸೂಪು, ಇದನ್ನು ನೋಡಿ ಅಮ್ಮ 'ಬಿಸಿ ಮಾಡಿ ತರೋಕೆ ಹೇಳು' ಅನ್ನಬಹುದು. ಫಿದೆಯುವಾ ನೋಡಿದರೆ ಶಾವಿಗೆ ಉಪ್ಪಿಟ್ಟು ಅಂತ ಕೈ ಹಾಕಬೇಡಿ, ಶಾವಿಗೆ ನಿಜ, ಒಳಗೆ ಸೀಗಡಿ. ತೋರ್ತಿಯಾ ಅಂದ್ರೆ ಮೊಟ್ಟೆ. ಸಲಾಡ್ ಮೇಲೂ ಟ್ಯೂನಾ ಮೀನು ಉದುರಿಸುತ್ತಾರೆ. ಬರೀ 'ವೆಜಿಟೇರಿಯನ್' ಅಂದರೆ ಸಾಲಲ್ಲ, 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಅತೂನ್, ಸಿನ್ ವೇವೊ' ಅಂತ ಮಂತ್ರದ ಥರ ಹೇಳಬೇಕು, ಅಂದ್ರೆ ಮಾಂಸ, ಮೀನು, ಟ್ಯೂನಾ, ಮೊಟ್ಟೆ ಯಾವುದೂ ಬೇಡ ಅಂತ. ಬೇಳೆ, ಅಕ್ಕಿ, ಹಿಟ್ಟು ಬೇಕಾದರೆ ರಾವಾಲ್ ಏರಿಯಾದಲ್ಲಿ ಪಾಕಿಸ್ತಾನದವರ ಅಂಗಡಿ ಸಾಲಾಗಿವೆ.

ಸಸಿಹಿತ್ಲು

ಅಲ್ಲ ಮಾರಾಯ್ರೆ, ಎಲ್ಲ ಹೇಳಿದಿರಿ, ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹಡಗಿನಲ್ಲಿ ಇದ್ದವನು, ಆ ಬಂದರಿಗೆ ನಾಲ್ಕೈದು ಸಲ ಹೋಗಿದ್ದೇನೆ.

ಮೆಡಿಟರೇನಿಯನ್‌ನಲ್ಲಿ ನಮ್ಮ ಹಾಗೆ ಉಬ್ಬರ ಇಳಿತ ಇಲ್ಲ. ಇದ್ದರೂ ಅಂಗೈಯಷ್ಟು. ಬೆಳಗ್ಗೆ ಚಪ್ಪಲಿ ಬಿಟ್ಟ ಜಾಗಕ್ಕೆ ಸಂಜೆ ನೀರು ಬರುವುದಿಲ್ಲ. ಹಾಗಂತ ಕೆರೆ ಅಂದುಕೊಳ್ಳಬೇಡಿ. ಅಲ್ಲಿ ಮರಳು ದಪ್ಪ, ನೀರಿನ ಅಂಚಲ್ಲಿ ಇಳಿಜಾರು ಜಾಸ್ತಿ, ನಾಲ್ಕು ಹೆಜ್ಜೆಗೆ ಸೊಂಟದವರೆಗೆ ಬರುತ್ತದೆ. ಮಂಡಿನೋವು ಇದ್ದವರು ಜಾರುವುದು ಅಲ್ಲೇ. ಅಮ್ಮನ ಎರಡೂ ಬದಿಯಲ್ಲಿ ಒಬ್ಬೊಬ್ಬರು ಕೈ ಹಿಡಿದು ನಿಲ್ಲಿ, ಸೀರೆ ಒದ್ದೆಯಾದರೆ ಭಾರ ಎಳೆಯುತ್ತದೆ. ಹಸಿರು ಬಾವುಟ ಇದ್ದರೆ ಇಳಿಯಿರಿ, ಹಳದಿ ಇದ್ದರೆ ಜಾಗ್ರತೆ, ಕೆಂಪು ಇದ್ದರೆ ದೂರದಿಂದ ನಮಸ್ಕಾರ ಮಾಡಿ ಬನ್ನಿ. ಕೆಲವು ದಿನ ಅಂಬಲಿ ಮೀನು ಬರುತ್ತದೆ, ಅದೇ ಜೆಲ್ಲಿಫಿಶ್. ತಾಗಿದರೆ ಮರಳಲ್ಲಿ ಉಜ್ಜಬಾರದು, ನಲ್ಲಿ ನೀರೂ ಹಾಕಬಾರದು. ಸಮುದ್ರದ ನೀರಲ್ಲೇ ತೊಳೆದು ಲೈಫ್‌ಗಾರ್ಡ್ ಹತ್ತಿರ ಹೋಗಿ.

ಇನ್ನೊಂದು ವಿಷಯ. ಅಲ್ಲಿನ ಬೀಚ್ ನೋಡಿ 'ಎಷ್ಟು ಚಂದ ಕಾಪಾಡಿದ್ದಾರೆ' ಅಂತ ಹೇಳುವವರು ತುಂಬ. ಕಾಪಾಡಿದ್ದಲ್ಲ, ಮಾಡಿದ್ದು. 1992ರ ಒಲಿಂಪಿಕ್ಸ್‌ಗೆ ಮುಂಚೆ ಆ ಕಡಲ ಕರೆಯುದ್ದಕ್ಕೂ ಇದ್ದದ್ದು ಫ್ಯಾಕ್ಟರಿ, ರೈಲು ಹಳಿ, ಕೊಳಚೆ. ಸೊಮೊರೋಸ್ತ್ರೊ ಅಂತ ಇವತ್ತು ಒಂದು ಬೀಚ್ ಇದೆಯಲ್ಲ, ಅಲ್ಲಿ 1966ರವರೆಗೂ ಗುಡಿಸಲುಗಳೇ ಇದ್ದವು. ಫ್ಲಮೆಂಕೊ ನೃತ್ಯದ ಕಾರ್ಮೆನ್ ಅಮಾಯಾ ಹುಟ್ಟಿದ್ದು ಆ ಗುಡಿಸಲುಗಳ ಮಧ್ಯೆ. ಒಲಿಂಪಿಕ್ಸ್‌ಗಾಗಿ ಹಳಿ ಕಿತ್ತು, ಮರಳು ತಂದು ಸುರಿದು ಬೀಚ್ ಮಾಡಿದರು. ಆ ಮರಳನ್ನು ಸಮುದ್ರ ಆಗಾಗ ವಾಪಸ್ ಕೇಳುತ್ತದೆ. 2020ರ ಜನವರಿಯಲ್ಲಿ ಗ್ಲೋರಿಯಾ ಅನ್ನುವ ಬಿರುಗಾಳಿ ಬಂದು ಸುಮಾರು ತಿಂದು ಹೋಯಿತು. ಉಳ್ಳಾಲದ ಕಡಲ್ಕೊರೆತ ನೋಡಿದವರಿಗೆ ಇದೇನು ಹೊಸದಲ್ಲ ಬಿಡಿ.

ಅಂದ ಹಾಗೆ, ನಿಮ್ಮ ತಂದೆ ರೈಲ್ವೆಯವರು ಅಂದಿರಲ್ಲ? ಹಾಗಾದರೆ ಅವರಿಗೆ ಬೀಚಿಗಿಂತ ಒಳ್ಳೆಯದೊಂದು ಇದೆ. ಸ್ಪೇನ್ ನೆಲದ ಮೊದಲ ರೈಲು ಓಡಿದ್ದು 1848ರಲ್ಲಿ, ಬಾರ್ಸಿಲೋನಾದಿಂದ ಮತಾರೊಗೆ. ಇವತ್ತೂ ಆ ದಾರಿಯಲ್ಲಿ ಆರ್ 1 ಲೋಕಲ್ ಓಡುತ್ತದೆ, ಊರ ಮಧ್ಯದ ಪ್ಲಾಸಾ ಕಾಟಲೂನ್ಯಾದಲ್ಲೇ ಹತ್ತಬಹುದು. ಬಲಗಡೆ ಕಿಟಕಿ ಹಿಡಿಯಿರಿ. ಊರು ದಾಟಿದ ಮೇಲೆ ಹಳಿಯ ಪಕ್ಕದಲ್ಲೇ ಸಮುದ್ರ. ಒಕಾಟಾದಲ್ಲಿ ಇಳಿದರೆ ಸ್ಟೇಷನ್ನಿನ ಕೆಳದಾರಿ ದಾಟಿದ ಕೂಡಲೇ ಅಗಲವಾದ ಮರಳು. ಮತಾರೊ ಕಡೆಗೆ ಕುಳಿತೇ ಹೋಗಿ ಕುಳಿತೇ ಬಂದರೂ ನಷ್ಟ ಇಲ್ಲ.

ಪೊಬ್ಲೆನೌ ವಾಸಿ

ಸಸಿಹಿತ್ಲು ಅವರು ಹೇಳಿದ ಆರ್ 1 ಒಳ್ಳೇ ಐಡಿಯಾ. ನಮ್ಮ ತಲೆಗೆ ಬರಲಿಲ್ಲ ನೋಡಿ, ದಿನಾ ಅದರಲ್ಲೇ ಬೈಕೊಂಡು ಓಡಾಡೋದಲ್ವಾ. ಲೇಟ್ ಆಗೋದು ಮಾಮೂಲು, ಹಾಗಾಗಿ ಫ್ಲೈಟ್ ಇರೋ ದಿನ ಬೇಡ. ಟಿಕೆಟ್ ವಿಷಯಕ್ಕೊಂದು ಮಾತು: ಟಿ-ಕ್ಯಾಜುಯಲ್ ಅಂತ ಹತ್ತು ಟ್ರಿಪ್ಪಿನ ಕಾರ್ಡ್ ಇದೆ, ಅದನ್ನು ಮೂರು ಜನ ಹಂಚಿಕೊಳ್ಳೋಕೆ ಬರಲ್ಲ. ಟಿ-ಫ್ಯಾಮಿಲಿಯರ್ ತಗೊಳ್ಳಿ, ಎಂಟು ಟ್ರಿಪ್, ಒಟ್ಟಿಗೆ ಹೋಗೋರು ಹಂಚಿಕೊಳ್ಳಬಹುದು. ಆದರೆ ಒಕಾಟಾ ಬಾರ್ಸಿಲೋನಾ ಜೋನ್‌ನಿಂದ ಆಚೆ, ಅದಕ್ಕೆ ಸ್ಟೇಷನ್‌ನಲ್ಲಿ ಬೇರೆ ಟಿಕೆಟ್ ತಗೊಂಡರೆ ತಲೆನೋವಿಲ್ಲ.

ಇನ್ನೊಂದು, 2022ರಿಂದ ಊರಿನ ಯಾವ ಬೀಚ್‌ನಲ್ಲೂ ಸಿಗರೇಟ್ ಸೇದೋ ಹಾಗಿಲ್ಲ. ಅಪ್ಪನಿಗೆ ಆ ಅಭ್ಯಾಸ ಇದ್ದರೆ ಹೇಳಿಬಿಡಿ, ದಂಡ ಹಾಕುತ್ತಾರೆ.

ಅರಸೀಕೆರೆ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗಿ ಬಂದೆವು, ಬರೆಯದೇ ಇದ್ದರೆ ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

ರೂಮು ಸಮುದ್ರದಿಂದ ಒಳಗಿರೋ ಎಶಾಂಪ್ಲೆ ಏರಿಯಾ ಕಡೆ ಬದಲಾಯಿಸಿದ್ದು ಒಳ್ಳೇದಾಯ್ತು. ಅಲ್ಲೇ ರಾತ್ರಿ ಎರಡರವರೆಗೂ ಪಟಾಕಿ, ಇನ್ನು ಬೀಚ್ ಪಕ್ಕ ಹೇಗಿತ್ತೋ. 25ರ ಬೆಳಗ್ಗೆ ಐದೂವರೆಗೆ ಎದ್ದು ನೋವಾ ಇಕಾರಿಯಾಗೆ ಟ್ಯಾಕ್ಸಿಯಲ್ಲಿ ಹೋದೆವು. ಮೋಡ ಇತ್ತು. ಸೂರ್ಯ ಹುಟ್ಟಿದ್ದು ಕಾಣಲೇ ಇಲ್ಲ, ಒಂದು ಕಡೆ ಮೋಡ ಕೆಂಪಾಯಿತು, ಆಮೇಲೆ ಬೆಳಕಾಗಿತ್ತು. ಅಪ್ಪ 'ಕಾರವಾರವೇ ವಾಸಿ' ಅಂದರು. ಅಮ್ಮ ಹಲಗೆ ದಾರಿ ಮುಗಿಯೋವರೆಗೂ ನಡೆದು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಾವು ಕೈ ಹಿಡಿಯೋ ಮೊದಲೇ ನೀರಿಗಿಳಿದರು. ನೀರು ತಣ್ಣಗಿತ್ತು. ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಈಜಿ ಮೇಲೆ ಬಂದವರು ಅಮ್ಮನ ಸೀರೆ ಅಂಚು ಹಿಡಿದು ಏನೋ ಹೇಳಿದರು, ಅಮ್ಮ ಕನ್ನಡದಲ್ಲೇ 'ಇಳಕಲ್, ಇಳಕಲ್' ಅಂದರು. ಇಬ್ಬರಿಗೂ ಅರ್ಥವಾದ ಹಾಗೆ ತಲೆ ಆಡಿಸಿದರು.

ಆರ್ 1ಕ್ಕೆ 24ರಂದೇ ಹೋಗಿದ್ದೆವು, ಮತಾರೊವರೆಗೂ. ಅಪ್ಪ ಪೂರ್ತಿ ದಾರಿ ಬಲಗಡೆ ಕಿಟಕಿಯಲ್ಲಿ ಕೂತಿದ್ದರು, ಆದರೆ ನೋಡುತ್ತಿದ್ದದ್ದು ಸಮುದ್ರವನ್ನಲ್ಲ, ಸಿಗ್ನಲ್ ಕಂಬಗಳನ್ನು. ಬರುವಾಗ ಹನ್ನೊಂದು ನಿಮಿಷ ಲೇಟ್ ಆಯ್ತು. ಅಷ್ಟೂ ಹೊತ್ತು ವಾಚ್ ನೋಡುತ್ತಾ ಸಂತೋಷವಾಗಿದ್ದರು.