ಲೇಬಲ್ ಕಾಂಟ್ರಾಕ್ಟ್ ಬಂದಿದೆ, ಸೈನ್ ಮಾಡೋದಾ ಬೇಡವಾ?

ಕೇಳಿದವರು: ನಾವು ಬೆಂಗಳೂರಿನ ನಾಲ್ಕು ಜನರ ಬ್ಯಾಂಡ್. ಪ್ರೋಗ್ರೆಸಿವ್ ರಾಕ್ (ಪ್ರೋಗ್ ಅಂತಾರಲ್ಲ, ಉದ್ದುದ್ದ ಹಾಡುಗಳ ರಾಕ್), ಎಲ್ಲಾ ಸ್ವಂತ ಹಾಡುಗಳು, ಒಂದಂತೂ 17 ನಿಮಿಷ ಇದೆ (ನಗಬೇಡಿ). ಒಂದು ಲೇಬಲ್‌ನವರು (ಹಾಡು ರೆಕಾರ್ಡ್ ಮಾಡಿ ಮಾರುವ ಕಂಪನಿ) 14 ಪುಟದ ಕಾಂಟ್ರಾಕ್ಟ್ ಕಳಿಸಿದ್ದಾರೆ. 4 ಲಕ್ಷ ಅಡ್ವಾನ್ಸ್, 10 ಪರ್ಸೆಂಟ್ ರಾಯಲ್ಟಿ. ಒಂದು ಆಲ್ಬಮ್ ಖಚಿತ, ಆಮೇಲೆ ಇನ್ನೂ ನಾಲ್ಕು ಆಲ್ಬಮ್‌ಗೆ ‘ಆಪ್ಷನ್’. ಮಾಸ್ಟರ್ (ಮೂಲ ರೆಕಾರ್ಡಿಂಗ್) ಅವರದ್ದೇ. ನಮ್ಮ ಡ್ರಮ್ಮರ್ ಇವತ್ತೇ ಸೈನ್ ಮಾಡೋಣ ಅಂತ ಕುಣಿಯುತ್ತಿದ್ದಾನೆ. ಅನುಭವ ಇರುವವರು ದಯವಿಟ್ಟು ಹೇಳಿ.

ಮೈಸೂರಿನ ಬೇಸ್ ಪ್ಲೇಯರ್: ಡ್ರಮ್ಮರ್‌ಗೆ ಮೊದಲು ನೀರು ಕುಡಿಸಿ. ನಾನು ಕೈ ಸುಟ್ಟುಕೊಂಡವನು, ಅದಕ್ಕೇ ಹೇಳುತ್ತಿದ್ದೇನೆ. ಅಡ್ವಾನ್ಸ್ ಅಂದರೆ ಸಂಬಳ ಅಲ್ಲ, ನಿಮ್ಮ ಪಾಲಿನಿಂದ ಮುರಿದುಕೊಳ್ಳುವ ದುಡ್ಡು. ಲೆಕ್ಕ ಹಾಕಿ ನೋಡಿ. ಆಲ್ಬಮ್ 10 ಲಕ್ಷ ದುಡಿಯಿತು ಅಂದುಕೊಳ್ಳಿ. ನಿಮ್ಮ 10 ಪರ್ಸೆಂಟ್ ಅಂದರೆ 1 ಲಕ್ಷ. ಅದೂ ನಿಮ್ಮ ಕೈಗೆ ಬರೋದಿಲ್ಲ, 4 ಲಕ್ಷದಲ್ಲಿ ವಜಾ ಆಗುತ್ತೆ. 40 ಲಕ್ಷ ದುಡಿಯುವವರೆಗೂ ನಿಮಗೆ ಸೊನ್ನೆ. ಆದರೆ ನನಗೆ ಹೊಟ್ಟೆ ಉರಿದಿದ್ದು ದುಡ್ಡಿಗಲ್ಲ. ನಮ್ಮ ಲೇಬಲ್ ಎರಡೇ ವರ್ಷಕ್ಕೆ ಬಾಗಿಲು ಹಾಕಿತು, ಮಾಸ್ಟರ್ ಯಾರ ಹತ್ತಿರ ಇದೆ ಅಂತ ಇವತ್ತಿಗೂ ಗೊತ್ತಿಲ್ಲ. ನಾವೇ ನುಡಿಸಿದ ಹಾಡನ್ನು ನಾವೇ ಹಾಕೋ ಹಾಗಿಲ್ಲ. ಮಗಳು ಕೇಳಿದರೆ ಫೋನಲ್ಲಿರೋ ಹಳೇ ಎಂಪಿತ್ರೀ ಹಾಕಿ ತೋರಿಸುತ್ತೇನೆ.

ಒಬ್ಬ ಪ್ರೋಗ್ ಹುಚ್ಚ: ಆ ನಾಲ್ಕು ‘ಆಪ್ಷನ್’ ಇದೆಯಲ್ಲ, ಅದು ನಿಮ್ಮ ಆಯ್ಕೆ ಅಲ್ಲ ಸ್ವಾಮಿ, ಅವರದ್ದು. ಅವರಿಗೆ ಬೇಕಾದರೆ ನೀವು ಮಾಡಲೇಬೇಕು, ಬೇಡ ಅಂದರೆ ಮನೆಗೆ. ಇಂಗ್ಲೆಂಡಿನ ಸಂಗೀತಗಾರ ಮೈಕ್ ಓಲ್ಡ್‌ಫೀಲ್ಡ್ ಕಥೆ ಗೊತ್ತಲ್ವಾ? 1973ರಲ್ಲಿ ‘ಟ್ಯೂಬ್ಯುಲರ್ ಬೆಲ್ಸ್’ ಬಂದಾಗ ಹುಡುಗನಿಗೆ ಇಪ್ಪತ್ತು ತುಂಬಿ ಹತ್ತು ದಿನ ಆಗಿತ್ತು. ಬಹುತೇಕ ವಾದ್ಯಗಳನ್ನೆಲ್ಲ ತಾನೇ ನುಡಿಸಿದ್ದ. ವರ್ಜಿನ್ ರೆಕಾರ್ಡ್ಸ್ ಹೊರತಂದ ಮೊದಲ ಆಲ್ಬಮ್ಮೇ ಅದು, ಕಂಪನಿ ಎದ್ದು ನಿಂತಿದ್ದೇ ಅದರ ಮೇಲೆ. ಆದರೆ ಆ ವಯಸ್ಸಲ್ಲಿ ಸೈನ್ ಮಾಡಿದ ಕಾಗದ ಅವನನ್ನು 1991ರವರೆಗೆ ಅಲ್ಲೇ ಕಟ್ಟಿಹಾಕಿತು. ಕೊನೆ ಕೊನೆಗೆ ಸಿಟ್ಟು ಎಷ್ಟಿತ್ತು ಅಂದರೆ, 1990ರ ‘ಅಮರಾಕ್’ ಅನ್ನು ಸಿಂಗಲ್ (ಬಿಡಿ ಹಾಡು) ಕತ್ತರಿಸೋಕೇ ಆಗದ ಹಾಗೆ ಒಂದು ಗಂಟೆಯ ಒಂದೇ ತುಣುಕಾಗಿ ಮಾಡಿ, ಅದರೊಳಗೆ ಮೋರ್ಸ್ ಕೋಡಲ್ಲಿ ಮಾಲೀಕ ರಿಚರ್ಡ್ ಬ್ರಾನ್ಸನ್‌ಗೆ ಒಂದು ಬೈಗುಳ ಅಡಗಿಸಿಟ್ಟ! ಅಲ್ಲಿಂದ ಬಿಡಿಸಿಕೊಂಡ ಮರುವರ್ಷವೇ ‘ಟ್ಯೂಬ್ಯುಲರ್ ಬೆಲ್ಸ್ 2’ ಬಂತು, ಬೇರೆ ಕಂಪನಿಯಿಂದ. ಬೈಗುಳ ನನಗೆ ತುಂಬಾ ಇಷ್ಟ. ಆದರೆ ಹದಿನೇಳು ಹದಿನೆಂಟು ವರ್ಷ ಕಾದು ಬೈಯೋ ಬದಲು ಈಗಲೇ ಪೆನ್ ಹಿಡಿದು ನಾಲ್ಕನ್ನು ಒಂದು ಮಾಡಿಸಿ.

ಸೌಂಡ್ ಎಂಜಿನಿಯರ್, ಹುಬ್ಬಳ್ಳಿ: ಲೇಬಲ್ ಅಂದರೆ ಬರೀ ರಾಕ್ಷಸ ಅಂತಲೂ ಅಂದುಕೋಬೇಡಿ. ಒಳ್ಳೆ ಸ್ಟುಡಿಯೋ, ಪ್ರಚಾರ, ಟೂರ್, ಇದೆಲ್ಲಾ ಸುಮ್ನೆ ಆಗೋದಿಲ್ಲ. ನೋಡಬೇಕಾದ್ದು ಸಂಗೀತದ ಬಗ್ಗೆ ಕೊನೇ ಮಾತು ಯಾರದ್ದು ಅಂತ. ಕೆನಡಾದ ರಷ್ ಬ್ಯಾಂಡಿನ 1975ರ ‘ಕರೆಸ್ ಆಫ್ ಸ್ಟೀಲ್’ ಆಲ್ಬಮ್ ಓಡಲಿಲ್ಲ, ಚಿಕ್ಕ ಚಿಕ್ಕ ಹಾಡು ಮಾಡಿ ಅಂತ ಒತ್ತಡ ಬಂತು. ಅವರು ಕೇಳದೆ 1976ರಲ್ಲಿ ‘2112’ ಮಾಡಿದರು, ರೆಕಾರ್ಡಿನ ಒಂದು ಇಡೀ ಬದಿ ಒಂದೇ ಹಾಡು, 20 ನಿಮಿಷ. ಅದೇ ಅವರನ್ನು ಉಳಿಸಿತು. ಅಮೆರಿಕದ ಡ್ರೀಮ್ ಥಿಯೇಟರ್ ಬ್ಯಾಂಡಿಗೆ 1997ರಲ್ಲಿ ಅಷ್ಟು ಸ್ವಾತಂತ್ರ್ಯ ಸಿಗಲಿಲ್ಲ. ಲೇಬಲ್‌ನವರು ಡಬಲ್ ಆಲ್ಬಮ್ (ಎರಡು ಡಿಸ್ಕಿನದು) ಬೇಡ ಅಂದರು, ಹಾಡು ತಿದ್ದೋಕೆ ಹೊರಗಿನವರನ್ನು ಕರೆಸಿದರು. ಪಿಂಕ್ ಫ್ಲಾಯ್ಡ್ ಇನ್ನೂ ಜಾಣರು. ಆಲ್ಬಮ್ ಒಡೆದು ಹಾಡು ಬಿಡಿಬಿಡಿಯಾಗಿ ಮಾರಬಾರದು ಅಂತ ಕಾಂಟ್ರಾಕ್ಟಲ್ಲೇ ಬರೆಸಿಕೊಂಡಿದ್ದರು. ಅದು ಸಿಡಿಗೆ ಮಾತ್ರ, ಡೌನ್‌ಲೋಡ್‌ಗೆ ಅಲ್ಲ ಅಂತ ಅವರ ಲೇಬಲ್ ಇಎಂಐ ವಾದ ಮಾಡಿತು, 2010ರಲ್ಲಿ ಲಂಡನ್ ಹೈಕೋರ್ಟ್ ಬ್ಯಾಂಡಿನ ಪರ ತೀರ್ಪು ಕೊಟ್ಟಿತು. ನಿಮ್ಮ 17 ನಿಮಿಷದ ಹಾಡನ್ನು 30 ಸೆಕೆಂಡಿನ ರೀಲ್ ಮಾಡೋಕೆ ನಿಮ್ಮ ಒಪ್ಪಿಗೆ ಬೇಕಾ ಅಂತ ಆ 14 ಪುಟದಲ್ಲಿ ಹುಡುಕಿ.

ವಕೀಲೆ, ಗಿಟಾರ್ ಕೂಡ ನುಡಿಸುತ್ತೇನೆ (ಕೆಟ್ಟದಾಗಿ): ಮಾಸ್ಟರ್ ಬೇರೆ, ಹಾಡಿನ ಸಾಹಿತ್ಯ ಮತ್ತು ರಾಗಸಂಯೋಜನೆ ಬೇರೆ. ಎರಡನ್ನೂ ಒಂದೇ ಸಾಲಲ್ಲಿ ಬರೆದುಕೊಟ್ಟುಬಿಡಬೇಡಿ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ, ಬರೆದವರು ಮತ್ತು ಸಂಯೋಜಿಸಿದವರು ತಮ್ಮ ರಾಯಲ್ಟಿ ಪಾಲನ್ನು ಲೇಬಲ್‌ಗೆ ಬಿಟ್ಟುಕೊಡೋಕೆ ಬರೋದಿಲ್ಲ. ಹಾಗೆ ಬರೆದಿದ್ದರೂ ನಿಲ್ಲೋದಿಲ್ಲ. ಐಪಿಆರ್‌ಎಸ್‌ನಲ್ಲಿ (ಬರೆದವರು, ಸಂಯೋಜಿಸಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ) ಸದಸ್ಯರಾಗಿ. ಇನ್ನೊಂದು, ಹಕ್ಕು ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಪ್ರಕಾರ 5 ವರ್ಷ, ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರು ‘ಶಾಶ್ವತವಾಗಿ, ಇಡೀ ವಿಶ್ವಕ್ಕೆ’ ಅಂತ ಬರೆಸೋದು. ಅದನ್ನು ಹೊಡೆದುಹಾಕಿ ‘7 ವರ್ಷ’ ಅಂತ ಬರೆದು ವಾಪಸ್ ಕಳಿಸಿ. ಜಾಸ್ತಿ ಅಂದರೆ ಬೈಯುತ್ತಾರೆ.

ಮೈಸೂರಿನ ಬೇಸ್ ಪ್ಲೇಯರ್: ಲೇಬಲ್ ಬಾಗಿಲು ಹಾಕಿದರೆ ಮಾಸ್ಟರ್ ನಮಗೆ ವಾಪಸ್ ಅನ್ನೋ ಸಾಲನ್ನೂ ಸೇರಿಸಮ್ಮ, ನನ್ನ ಸಲುವಾಗಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಆಪ್ಷನ್ ಒಂದಕ್ಕೆ ಇಳಿಸಿ, 7 ವರ್ಷ ಅಂತ ಮಾಡಿ, ಮಾಸ್ಟರ್ ವಾಪಸ್ ಸಾಲು ಸೇರಿಸಿ ಮೇಲ್ ಮಾಡಿದೆವು. ಒಂದು ಗಂಟೆಯಲ್ಲಿ ಫೋನ್ ಬಂತು. ಆಪ್ಷನ್ ಎರಡಾದರೆ ಮಾತಾಡೋಣ ಅಂದರು, ಉಳಿದದ್ದಕ್ಕೆ ಸೋಮವಾರ ಉತ್ತರ ಕೊಡುತ್ತಾರಂತೆ. ರೀಲ್ ವಿಷಯ ಪುಟ 11ರಲ್ಲಿ ಸಿಕ್ಕಿತು, ಒಪ್ಪಿಗೆ ಬೇಡವಂತೆ. ಡ್ರಮ್ಮರ್ ಈಗ ಅದನ್ನೇ ಜೋರಾಗಿ ಓದಿ ಬೈಯುತ್ತಿದ್ದಾನೆ.