ಗೋಕಾಕ ಫಾಲ್ಸ್ ಕೆಳಗೆ ಟೆಂಟ್ ಹಾಕಬಹುದಾ?

ಪ್ರಶ್ನೆ: ನಾವು ಬಾಗಲಕೋಟೆಯವರು. ಏಪ್ರಿಲ್‌ನಲ್ಲಿ ನಾನು, ತಮ್ಮ ಇಬ್ಬರೇ ಘಟಪ್ರಭಾ ಕಣಿವೆಯಲ್ಲಿ ಎರಡು ರಾತ್ರಿ ಇರಬೇಕು ಅಂತಿದ್ದೇವೆ. ನದಿ ಬತ್ತಿರುತ್ತೆ ಅಲ್ವಾ, ಮರಳಿನ ಮೇಲೇ ಮಲಗಿದರೆ ನಡೆಯುತ್ತಾ?

ಉತ್ತರ 1: ಮರಳಿನ ಮೇಲೆ ಮಾತ್ರ ಬೇಡ ತಮ್ಮಾ. ಮೇಲೆ ಹಿಡಕಲ್ ಡ್ಯಾಂ ಇದೆ, ಬೇಸಿಗೆಯಲ್ಲೂ ನೀರು ಬಿಟ್ಟರೆ ನಿದ್ದೆಯಲ್ಲಿ ಗೊತ್ತೇ ಆಗಲ್ಲ. ಒಮ್ಮೆ ನಾವು ದಡದಲ್ಲಿಟ್ಟ ಪಾತ್ರೆ ಬೆಳಿಗ್ಗೆ ಹತ್ತು ಮಾರು ಕೆಳಗೆ, ಬಂಡೆ ಸಂದಿಯಲ್ಲಿ ಸಿಕ್ಕಿತ್ತು. ಬಂಡೆ ಮೇಲೆ ನೀರಿನ ಹಳೇ ಗೆರೆ ಕಾಣುತ್ತೆ, ಅದಕ್ಕಿಂತ ಎಷ್ಟೋ ಮೇಲೆ ಜಾಗ ನೋಡಿ.

ಉತ್ತರ 2: ದಿನಕ್ಕೆ ತಲೆಗೆ 4 ಲೀಟರ್ ನೀರು ಹೊತ್ತುಕೊಂಡೇ ಹೋಗಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಒಲೆ ಬೇಕಿಲ್ಲ, ಒಣ ಹುಲ್ಲಿಗೆ ಕಿಡಿ ಬಿದ್ದರೆ ಕಷ್ಟ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ ಗುಂಡಿ ತೋಡಿ. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ.