ಹರ್-2 ಇಲ್ಲದ ಸೆಲ್ ಕೂಡ ಹೊಳೆಯುತ್ತಿದೆ, ಹೊಸ ಆಂಟಿಬಾಡಿ ತರಿಸಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸ್ತನ ಕ್ಯಾನ್ಸರ್ ಸೆಲ್‌ಲೈನ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಫ್ಲೋ ಸೈಟೋಮೆಟ್ರಿಯಲ್ಲಿ (ಸೆಲ್‌ಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಹೊಳಪು ಅಳೆಯುವ ವಿಧಾನ) ಹರ್-2 ಎಂಬ ಸೆಲ್ ಮೇಲ್ಮೈಯ ಪ್ರೋಟೀನ್ ನೋಡಲು, ಅದಕ್ಕೆ ಅಂಟುವ, ಪಿಇ ಎಂಬ ಹೊಳೆಯುವ ಬಣ್ಣ ಜೋಡಿಸಿದ ಆಂಟಿಬಾಡಿ ತರಿಸಿದ್ದೇವೆ. ಹರ್-2 ಹೆಚ್ಚಿರುವ ಎಸ್‌ಕೆ-ಬಿಆರ್-3 ಸೆಲ್‌ಲೈನ್ ಚೆನ್ನಾಗಿ ಹೊಳೆಯುತ್ತದೆ. ಆದರೆ ಹರ್-2 ನೆಗೆಟಿವ್ ಆಗಿರಬೇಕಾದ ಎಂಡಿಎ-ಎಂಬಿ-468ರಲ್ಲೂ 30% ಪಾಸಿಟಿವ್ ಬರುತ್ತಿದೆ. ಸೆಲ್‌ಗಳನ್ನು 15 ನಿಮಿಷ ಟ್ರಿಪ್ಸಿನ್‌ನಲ್ಲಿಟ್ಟು ತಟ್ಟೆಯಿಂದ ಎಬ್ಬಿಸಿದ್ದೆ. ಟ್ಯೂಬಿಗೆ 2 ಲಕ್ಷ ಸೆಲ್, 5 ಮೈಕ್ರೋಲೀಟರ್ ಆಂಟಿಬಾಡಿ. ಸತ್ತ ಸೆಲ್ ಗೊತ್ತಾಗಲಿ ಅಂತ ಪ್ರೊಪಿಡಿಯಂ ಅಯೋಡೈಡ್ (ಪಿಐ) ಕೂಡ ಹಾಕಿದ್ದೆ. ಮೂರು ಸಲವೂ ಇದೇ ಕಥೆ. ಗೈಡ್ ಬೇರೆ ಆಂಟಿಬಾಡಿ ತರಿಸೋಣ ಅನ್ನುತ್ತಿದ್ದಾರೆ.

ಉತ್ತರ: ಈಗಲೇ ತರಿಸಬೇಡಿ. ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತಿದ್ದು ಪಿಐ ಮೇಲೆ. ಪಿಇ, ಪಿಐ ಎರಡನ್ನೂ 488 ನ್ಯಾನೋಮೀಟರಿನ ನೀಲಿ ಲೇಸರ್ ಹೊಳೆಸುತ್ತದೆ. ಪಿಇ ಬೆಳಕು 578ರ ಆಸುಪಾಸು, ಪಿಐ ಬೆಳಕು 617ರ ಆಸುಪಾಸು. ಅಷ್ಟು ಹತ್ತಿರ ಇದ್ದರೆ ಪಿಐ ಬೆಳಕು ಪಿಇ ಡಿಟೆಕ್ಟರಿಗೆ ಸೋರುತ್ತದೆ. ಸತ್ತ ಸೆಲ್‌ನಲ್ಲಿ ಪಿಐ ತುಂಬಿಕೊಂಡಿರುತ್ತೆ, ಹಾಗಾಗಿ ಅದು ಹರ್-2 ಪಾಸಿಟಿವ್ ಥರ ಕಾಣುತ್ತದೆ. ಇದರ ಜೊತೆಗೆ ಸತ್ತ ಸೆಲ್‌ಗೆ ಯಾವ ಆಂಟಿಬಾಡಿಯಾದರೂ ಸುಮ್ನೆ ಅಂಟಿಕೊಳ್ಳುತ್ತದೆ. ಎರಡೂ ಸೇರಿದರೆ 30% ದೊಡ್ಡ ಮಾತಲ್ಲ.

ನಾಳೆ ಒಂದೇ ಒಂದು ಟ್ಯೂಬ್ ಮಾಡಿ. 468 ಸೆಲ್, ಪಿಐ ಮಾತ್ರ, ಆಂಟಿಬಾಡಿ ಬೇಡ. ಪಿಇ ಪ್ಲಾಟ್‌ನಲ್ಲಿ ಅದೇ ಗುಂಪು ಬಂದರೆ ಕಳ್ಳ ಸಿಕ್ಕ ಹಾಗೆ. ಈಗಿರುವ ಹಳೆ ಫೈಲ್‌ನಲ್ಲೂ ಒಂದು ಕೆಲಸ ಮಾಡಬಹುದು. ಆ 30% ಚುಕ್ಕಿಗಳಿಗೆ ಮಾತ್ರ ಕೆಂಪು ಬಣ್ಣ ಕೊಟ್ಟು, ಸೆಲ್‌ನ ಗಾತ್ರ, ಒಳರಚನೆ ತೋರಿಸುವ ಎಫ್‌ಎಸ್‌ಸಿ-ಎಸ್‌ಎಸ್‌ಸಿ ಪ್ಲಾಟ್‌ಗೆ ವಾಪಸ್ ಹೋಗಿ. ಕೆಂಪು ಚುಕ್ಕಿಗಳು ಮುಖ್ಯ ಗುಂಪಿನಿಂದ ಎಡಕ್ಕೆ ಸರಿದು, ಕುಗ್ಗಿ ಕೂತಿದ್ದರೆ ಅವು ಸತ್ತ ಸೆಲ್‌ಗಳೇ. ನನ್ನ ಹತ್ತಿರ ಪ್ಲಾಟ್ ತಂದವರಿಗೆಲ್ಲ ನಾನು ಮೊದಲು ಮಾಡಿಸುವುದು ಇದನ್ನೇ. ಐದು ನಿಮಿಷ ಸಾಕು, ಒಂದು ಹನಿ ಆಂಟಿಬಾಡಿಯೂ ಖರ್ಚಾಗಲ್ಲ.

ಮುಂದಿನ ಸಲ ಪಿಐ ಬಿಡಿ. ನಿಮ್ಮ ಮಷೀನಿನಲ್ಲಿ 405ರ ವಯಲೆಟ್ ಲೇಸರ್ ಇದ್ದರೆ ಸತ್ತ ಸೆಲ್ ತೋರಿಸಲು ಡಾಪಿ ಎಂಬ ಬಣ್ಣ ಹಾಕಿ, ಪಿಇ ತಂಟೆಗೆ ಅದು ಬರುವುದಿಲ್ಲ. ನೀಲಿ ಲೇಸರ್ ಒಂದೇ ಇದ್ದರೆ 7-ಎಎಡಿ ಎಂಬ ಬಣ್ಣ ಹಾಕಿ. ಆದರೆ ಅದಕ್ಕೆ ಕಾಂಪೆನ್ಸೇಷನ್ (ಸೋರಿದ ಬೆಳಕನ್ನು ಲೆಕ್ಕದಲ್ಲಿ ಕಳೆಯುವುದು) ಕಡ್ಡಾಯ.

ಟ್ರಿಪ್ಸಿನ್‌ನಲ್ಲಿ 15 ನಿಮಿಷ ಜಾಸ್ತಿ ಆಯ್ತು. ಟ್ರಿಪ್ಸಿನ್ ಪ್ರೋಟೀನ್ ಕತ್ತರಿಸುವ ವಸ್ತು, ಹರ್-2 ಕೂಡ ಪ್ರೋಟೀನೇ ಅಲ್ವಾ? ಇಡಿಟಿಎ ಅಥವಾ ಅಕ್ಯುಟೇಸ್‌ನಲ್ಲಿ ಎಬ್ಬಿಸಿ. ಆಮೇಲೆ ಎಲ್ಲವನ್ನೂ ಐಸ್ ಮೇಲೆ ಮಾಡಿ. ಬೆಚ್ಚಗಿದ್ದರೆ ಸೆಲ್ ಆಂಟಿಬಾಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಇನ್ನು ಆ 5 ಮೈಕ್ರೋಲೀಟರ್. ಕಂಪನಿಯ ಹಾಳೆ ನೋಡಿ, ಆ ಅಳತೆ ಎಷ್ಟು ಸೆಲ್‌ಗೆ ಅಂತ ಬರೆದಿರುತ್ತದೆ. ಸಾಮಾನ್ಯವಾಗಿ 10 ಲಕ್ಷದವರೆಗೆ ಇರುತ್ತೆ. ನಿಮ್ಮದು 2 ಲಕ್ಷ. ಮಿಕ್ಕ ಆಂಟಿಬಾಡಿ ಎಲ್ಲೆಲ್ಲೋ ಅಂಟಿಕೊಂಡು ಹಿನ್ನೆಲೆ ಬೆಳಕು ಏರಿಸುತ್ತದೆ. ಒಟ್ಟು 100 ಮೈಕ್ರೋಲೀಟರ್‌ನಲ್ಲಿ 5, 2.5, 1.25, 0.6, 0.3 ಹೀಗೆ ಅರ್ಧರ್ಧ ಇಳಿಸುತ್ತಾ ಹೋಗಿ. ಎಸ್‌ಕೆ-ಬಿಆರ್-3ಗೂ 468ಗೂ ನಡುವಿನ ಅಂತರ ಎಲ್ಲಿ ಅತಿ ದೊಡ್ಡದೋ ಅದೇ ನಿಮ್ಮ ಅಳತೆ. ಎಷ್ಟೋ ಸಲ ಇದು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರುತ್ತದೆ. ದುಡ್ಡೂ ಉಳಿಯುತ್ತೆ.

ಅದೇ ವಿದ್ಯಾರ್ಥಿನಿ, ಎರಡು ದಿನದ ನಂತರ: ಮೇಡಂ, ಪಿಐ ಮಾತ್ರ ಹಾಕಿದ ಟ್ಯೂಬಿನಲ್ಲೂ 26% ಬಂತು! ಕೆಂಪು ಚುಕ್ಕಿಗಳೆಲ್ಲ ಎಡಗಡೆ ಮೂಲೆಯಲ್ಲೇ ಇದ್ದವು. ಇನ್ನೊಂದು ಪ್ರಶ್ನೆ. ಎಂಸಿಎಫ್-7 ಸೆಲ್‌ಲೈನ್ ಅನ್ನು ಪಾಸಿಟಿವ್ ಅನ್ನಬೇಕಾ, ನೆಗೆಟಿವ್ ಅನ್ನಬೇಕಾ? ಗುಂಪು ಸ್ವಲ್ಪ ಮಾತ್ರ ಬಲಕ್ಕೆ ಸರಿದಿದೆ.

ಉತ್ತರ: ಬಹಳ ಸಂತೋಷ ಆಯ್ತು! ಎಂಸಿಎಫ್-7 ಹಾಗೇ ಬರಬೇಕು, ಅದರಲ್ಲಿ ಹರ್-2 ಕಡಿಮೆ ಇದೆ, ಇಲ್ಲವೇ ಇಲ್ಲ ಅಂತಲ್ಲ. ಹರ್-2 ‘ಇದೆ’ ಅಥವಾ ‘ಇಲ್ಲ’ ಅಂತ ಎರಡೇ ಮಾತಲ್ಲಿ ಹೇಳುವ ಪ್ರೋಟೀನ್ ಅಲ್ಲ. ಸ್ತನದ ಆರೋಗ್ಯವಂತ ಸೆಲ್‌ನಲ್ಲೂ ಸ್ವಲ್ಪ ಇರುತ್ತದೆ. ಎಸ್‌ಕೆ-ಬಿಆರ್-3ರಲ್ಲಿ ಹರ್-2 ತಯಾರಿಸುವ ಇಆರ್‌ಬಿಬಿ-2 ಜೀನ್ ನಕಲುಗಳು ಹೆಚ್ಚಾಗಿರುವುದರಿಂದ ಮೇಲ್ಮೈ ತುಂಬ ಅದೇ. ಅದಕ್ಕೇ ಶೇಕಡಾ ಲೆಕ್ಕ ಬಿಟ್ಟು, ಬದುಕಿರುವ ಸೆಲ್‌ಗಳ ಮೀಡಿಯನ್ (ನಡುವಿನ ಮೌಲ್ಯದ) ಹೊಳಪು ಬರೆಯಿರಿ. ಮೂರೂ ಸೆಲ್‌ಲೈನ್ ಒಂದೇ ದಿನ, ಒಂದೇ ವೋಲ್ಟೇಜ್‌ನಲ್ಲಿ ಓಡಲಿ.

ಇನ್ನೊಬ್ಬರ ಪ್ರಶ್ನೆ: ಪೆಥಾಲಜಿಯವರ ಹತ್ತಿರ 4ಬಿ5 ಹರ್-2 ಆಂಟಿಬಾಡಿ ಮಿಕ್ಕಿದೆ. ಬಣ್ಣ ಜೋಡಿಸಿ ಬದುಕಿರುವ ಸೆಲ್ ಮೇಲೆ ಬಳಸಬಹುದಾ? ಪಿಇ ಆಂಟಿಬಾಡಿಯನ್ನು ಮೈನಸ್ 20ರಲ್ಲಿ ಇಡಬಹುದಾ?

ಉತ್ತರ: ಎರಡೂ ಬೇಡ. 4ಬಿ5 ಹಿಡಿಯುವುದು ಹರ್-2 ಪ್ರೋಟೀನಿನ ಸೆಲ್ ಒಳಗಿರುವ ತುದಿಯನ್ನು. ಬದುಕಿರುವ ಸೆಲ್ ಆಂಟಿಬಾಡಿಯನ್ನು ಒಳಗೆ ಬಿಡುವುದಿಲ್ಲ. ಹೊರಭಾಗ ಹಿಡಿಯುವ ಆಂಟಿಬಾಡಿ ಬೇಕು. ಪಿಇ ಕೆಂಪು ಪಾಚಿಯಿಂದ ತೆಗೆದ ದೊಡ್ಡ ಪ್ರೋಟೀನ್, ಫ್ರೀಜ್ ಆದರೆ ಕೆಡುತ್ತದೆ. 2ರಿಂದ 8 ಡಿಗ್ರಿಯಲ್ಲಿ, ಕತ್ತಲಲ್ಲಿ ಇಡಿ.

ಮತ್ತೊಬ್ಬರ ಪ್ರಶ್ನೆ: ಮೇಡಂ, ನಾನು ಈ ಕ್ಷೇತ್ರದವನಲ್ಲ. ಅಮ್ಮನಿಗೆ ಸ್ತನ ಕ್ಯಾನ್ಸರ್. ರಿಪೋರ್ಟ್‌ನಲ್ಲಿ ‘ಹರ್-2: 2+’ ಅಂತಿದೆ. ಈ ಫ್ಲೋ ಟೆಸ್ಟ್ ಮಾಡಿಸಿದರೆ ಸರಿಯಾಗಿ ಗೊತ್ತಾಗುತ್ತಾ?

ಉತ್ತರ: ಇಲ್ಲಪ್ಪ, ಇದಕ್ಕೆ ಹಣ, ಸಮಯ ಹಾಕಬೇಡಿ. ಫ್ಲೋಗೆ ಬಿಡಿಬಿಡಿಯಾದ ಸೆಲ್ ಬೇಕು. ಅಮ್ಮನ ಬಯಾಪ್ಸಿ ಮೇಣದ ಬ್ಲಾಕ್‌ನಲ್ಲಿದೆ. ಅದರಿಂದ ತೆಳ್ಳಗೆ ಕೊಯ್ದು ಬಣ್ಣ ಹಾಕಿ 0, 1+, 2+, 3+ ಅಂತ ಅಂಕ ಕೊಡುತ್ತಾರೆ. 3+ ಪಾಸಿಟಿವ್. 2+ ಅಂದರೆ ಇನ್ನೂ ತೀರ್ಮಾನ ಆಗಿಲ್ಲ, ಫಿಶ್ ಎಂಬ ಪರೀಕ್ಷೆಯಲ್ಲಿ ಜೀನ್ ನಕಲುಗಳನ್ನು ಎಣಿಸಬೇಕು. ಸಾಮಾನ್ಯವಾಗಿ ಅದೇ ಬ್ಲಾಕ್ ಸಾಕು, ಅಮ್ಮನಿಗೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ. ಫಿಶ್ ಪಾಸಿಟಿವ್ ಬಂದರೆ ಟ್ರಾಸ್ಟುಜುಮಾಬ್‌ನಂಥ ಔಷಧಿಯ ದಾರಿ ತೆರೆಯುತ್ತದೆ. ನೆಗೆಟಿವ್ ಬಂದರೂ ಎದೆಗುಂದಬೇಡಿ, ಅದಕ್ಕೆ ಬೇರೆ ಚಿಕಿತ್ಸೆಗಳಿವೆ. ಆಂಕಾಲಜಿಸ್ಟ್ ಹತ್ತಿರ ಹೋದಾಗ ‘ಫಿಶ್‌ಗೆ ಕಳಿಸಿದ್ದೀರಾ?’ ಅಂತ ನೇರವಾಗಿ ಕೇಳಿ. ಬ್ಲಾಕ್ ನಂಬರ್ ರಿಪೋರ್ಟ್‌ನಲ್ಲೇ ಇರುತ್ತದೆ, ಬರೆದುಕೊಂಡು ಹೋಗಿ.